ಯುದ್ಧ ಮುಗಿದ ಮೇಲೆ ಕೋವಿಗಳು ಎಲ್ಲಿಗೆ ಹೋದುವು?

ಯುದ್ಧವೊಂದು ಮುಗಿದಾಗ ಸೈನಿಕರು ಮನೆಗೆ ಮರಳುತ್ತಾರೆ. ಅವರು ಹಿಡಿದಿದ್ದ ಆಯುಧಗಳ ಗತಿಯೇನು? ಕದನಗಳ ತೇದಿಗಳನ್ನು ಕಂಠಪಾಠ ಮಾಡುವ ನಾವು ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಅಮೆರಿಕದ ಅಂತರ್ಯುದ್ಧದ (1861–1865) ಅನಂತರ ನಡೆದುದನ್ನು ಪರಿಶೀಲಿಸಿದರೆ ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಮೊದಲು ಒಂದು ಮಾತನ್ನು ತಿಳಿಯಬೇಕು. ಗಡಿನಾಡಿನವರಾದ ನಮಗೆ ಗಡಿಯೆಂದರೆ ಎರಡು ರಾಜ್ಯಗಳ ನಡುವಣ ಗೆರೆ. ಅಮೆರಿಕದ ಇತಿಹಾಸದಲ್ಲಿ ಗಡಿಪ್ರದೇಶವೆಂದರೆ ಪಶ್ಚಿಮದ ಕಡೆಗೆ ಸರಿಯುತ್ತ ಹೋದ ವಲಸೆಗಾರರ ನೆಲೆಗಳ ಅಂಚು. ಅದರಾಚೆ ಇದ್ದುದು ಬರಿದಾದ ಭೂಮಿಯಲ್ಲ. ಲಕೋಟ, ಷೈಯೆನ್ ಮೊದಲಾದ ಮೂಲನಿವಾಸಿ ಜನಾಂಗಗಳು ತಲೆಮಾರುಗಳಿಂದ ಬಾಳಿದ ನೆಲ.

1865ರಲ್ಲಿ ಯುದ್ಧ ಮುಗಿದಾಗ ಉತ್ತರದ ಸೈನ್ಯದಲ್ಲಿ ಸುಮಾರು ಹತ್ತು ಲಕ್ಷ ಮಂದಿ ಇದ್ದರು. ಅಷ್ಟು ಕೋವಿಗಳು ಇನ್ನು ಸರಕಾರಕ್ಕೆ ಬೇಡವಾದುವು. ಆ ವರ್ಷದ ಮೇ 30ರಂದು ಯುದ್ಧ ಇಲಾಖೆಯು ಒಂದು ಆಜ್ಞೆಯನ್ನು ಹೊರಡಿಸಿತು. ಗೌರವಪೂರ್ವಕವಾಗಿ ಬಿಡುಗಡೆ ಹೊಂದಿದ ಸೈನಿಕನು ನಿಗದಿಯಾದ ಬೆಲೆಯನ್ನು ತೆತ್ತು ತನ್ನ ಆಯುಧವನ್ನು ತಾನೇ ಇರಿಸಿಕೊಳ್ಳಬಹುದಾಗಿತ್ತು. ಉದ್ದ ಕೋವಿಗೆ 6 ಡಾಲರ್. ಒಮ್ಮೆ ತುಂಬಿದರೆ ಏಳು ಗುಂಡು ಹಾರಿಸುವ ಸ್ಪೆನ್ಸರ್ ಕಾರ್ಬೈನಿಗೆ 10 ಡಾಲರ್. ಇತರ ಕಾರ್ಬೈನು ಮತ್ತು ರಿವಾಲ್ವರುಗಳಿಗೆ 8 ಡಾಲರ್. ಕತ್ತಿಗೆ 3 ಡಾಲರ್.

ಈ ಬೆಲೆ ಅಗ್ಗವೋ ದುಬಾರಿಯೋ? ಬೆಲೆಯನ್ನು ಸಂಪಾದನೆಯೊಡನೆ ಹೋಲಿಸಿದಲ್ಲದೆ ಅರ್ಥವಾಗದು. ಯುದ್ಧದ ಕೊನೆಯಲ್ಲಿ ಸಾಮಾನ್ಯ ಸೈನಿಕನ ತಿಂಗಳ ಸಂಬಳ 16 ಡಾಲರ್. ಆದುದರಿಂದ ಉದ್ದ ಕೋವಿಯು ಸುಮಾರು ಹನ್ನೊಂದು ದಿನಗಳ ಸಂಬಳಕ್ಕೂ, ಸ್ಪೆನ್ಸರ್ ಸುಮಾರು ಹತ್ತೊಂಬತ್ತು ದಿನಗಳ ಸಂಬಳಕ್ಕೂ ಸಿಕ್ಕಿದಂತಾಯಿತು. ಅದೇ ಉದ್ದ ಕೋವಿಗೆ ಸರಕಾರವು ಯುದ್ಧಕಾಲದಲ್ಲಿ ಗುತ್ತಿಗೆದಾರರಿಗೆ ಸುಮಾರು 20 ಡಾಲರ್ ತೆತ್ತಿತ್ತು. 1873ರಲ್ಲಿ ಹೊರಬಂದ ವಿಂಚೆಸ್ಟರ್ ಎಂಬ ಹೊಸ ಕೋವಿಗಾದರೋ ಸುಮಾರು 50 ಡಾಲರ್ ಬೇಕಾಗಿತ್ತು. ಬಡ ವಲಸೆಗಾರನು ಹಳೆಯ ಸೈನ್ಯದ ಕೋವಿಯನ್ನೇ ಹೆಗಲಿಗೇರಿಸಿದುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೊಂದು ಅಗ್ಗವಾಗಲು ಕಾರಣಗಳು ಎರಡು. ಮೊದಲನೆಯದು, ಸರಕು ವಿಪರೀತವಾಗಿದ್ದುದು. ಎರಡನೆಯದು, ಆ ಸರಕು ಹಳತಾಗಿದ್ದುದು. ಉದ್ದ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡನ್ನು ಗಜದಿಂದ ಜಡಿದು, ಕೇಪು ಇಡಬೇಕಾಗಿತ್ತು. ಅಷ್ಟರಲ್ಲಿ ಮದ್ದು, ಗುಂಡು, ಕೇಪು ಮೂರೂ ಒಂದಾಗಿರುವ ಲೋಹದ ತೋಟೆಯು ಬಳಕೆಗೆ ಬಂದಿತ್ತು. ಆದರೆ ಹಳೆಯ ಕೋವಿಗೂ ಒಂದು ಅನುಕೂಲವಿತ್ತು. ಸೀಸವನ್ನು ಕರಗಿಸಿ ಗುಂಡನ್ನು ಮನೆಯಲ್ಲಿಯೇ ಎರೆದುಕೊಳ್ಳಬಹುದು; ಸ್ಪೆನ್ಸರಿನ ತೋಟೆಗಾದರೋ ಅಂಗಡಿಗೇ ಹೋಗಬೇಕು. ಅಂಗಡಿಯಿಂದ ಬಹುದೂರ ಇರುವವನಿಗೆ ಇದು ಸಣ್ಣ ಸಂಗತಿಯಲ್ಲ. ಎಷ್ಟೋ ಹಳೆಯ ಕೋವಿಗಳ ನಳಿಗೆಯ ಒಳಮೈಯನ್ನು ನುಣುಪಾಗಿ ಕೊರೆದು, ಹಕ್ಕಿ ಹೊಡೆಯುವ ಚರೆ ಕೋವಿಗಳನ್ನಾಗಿಯೂ ಮಾರಿದರು.

ಅಗ್ಗವು ಎಲ್ಲರಿಗೂ ಲಾಭವಾಗಲಿಲ್ಲ. ಸ್ಪೆನ್ಸರ್ ಕಂಪೆನಿಯ ಹೊಸ ಕೋವಿಗೆ ಅದರದೇ ಹಳೆಯ ಕೋವಿಗಳು ಪ್ರತಿಸ್ಪರ್ಧಿಯಾದುವು. ಕೆಲವೇ ವರ್ಷಗಳಲ್ಲಿ ಆ ಕಂಪೆನಿ ಮುಳುಗಿ, ಅದರ ಆಸ್ತಿ ವಿಂಚೆಸ್ಟರ್ ಕಂಪೆನಿಯ ಪಾಲಾಯಿತು. ಹಳೆಯ ಸರಕನ್ನು ಕೊಂಡು ಮಾರುವವರಾದರೋ ಬೆಳೆದರು. ನ್ಯೂಯಾರ್ಕಿನ ಬ್ಯಾನರ್‌ಮನ್ ಎಂಬ ವ್ಯಾಪಾರಿಯ ಸರಕು ಎಷ್ಟು ಹೆಚ್ಚಿತೆಂದರೆ, ಅದನ್ನಿಡಲು ಅವನು 1900ರಲ್ಲಿ ಹಡ್ಸನ್ ನದಿಯ ಒಂದು ದ್ವೀಪವನ್ನೇ ಕೊಂಡನು.

ಸರಕಾರವೂ ಮಿತವ್ಯಯಕ್ಕೆ ತೊಡಗಿತು. ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರದ ಕುಶಲಿ ಅರ್ಸ್ಕಿನ್ ಆಲಿನ್ ಎಂಬವನು ಹಳೆಯ ಕೋವಿಯ ಹಿಂಭಾಗವನ್ನು ಕತ್ತರಿಸಿ, ಮುಚ್ಚಳದಂತೆ ತೆರೆಯುವ ಬಾಗಿಲನ್ನು ಕೂರಿಸಿ, ತೋಟೆ ತುಂಬುವಂತೆ ಮಾಡಿದನು. ಇಂದಿನ ವಯೋಮಿಂಗ್ ರಾಜ್ಯದಲ್ಲಿರುವ ಫಿಲ್ ಕರ್ನಿ ಕೋಟೆಯ ಬಳಿ 1866ರ ಡಿಸೆಂಬರಿನಲ್ಲಿ ಲಕೋಟರೂ ಅವರ ಮಿತ್ರರೂ 81 ಮಂದಿಯ ಸೇನಾತುಕಡಿಯನ್ನು ಸಂಪೂರ್ಣವಾಗಿ ಸೋಲಿಸಿದ್ದರು. ಅಲ್ಲಿನ ಕಾಲಾಳುಗಳದು ಬಾಯಿಯಿಂದ ತುಂಬುವ ಕೋವಿ. 1867ರ ಆಗಸ್ಟ್ 2ರಂದು ಅದೇ ಕೋಟೆಯ ಬಳಿ ಸುಮಾರು 30 ಮಂದಿ, ಹೀಗೆ ಮಾರ್ಪಡಿಸಿದ ಕೋವಿಗಳನ್ನು ಹಿಡಿದು, ಸಹಾಯ ಬರುವ ತನಕ ಗಂಟೆಗಟ್ಟಲೆ ಎದುರಿಸಿ ನಿಂತರು.

ಮೂಲನಿವಾಸಿಗಳಿಗೂ ವ್ಯಾಪಾರದಿಂದ ಮತ್ತು ಯುದ್ಧದಿಂದ ಕೋವಿಗಳು ದೊರೆತುವು. 1876ರಲ್ಲಿ ಕಸ್ಟರನ ಪಡೆ ನಾಶವಾದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯನ್ನು 1984ರಿಂದ ಅಗೆದು ಶೋಧಿಸಿದವರಿಗೆ ಹತ್ತಾರು ಬಗೆಯ ಕೋವಿಗಳ ಗುರುತುಗಳು ಸಿಕ್ಕಿದುವು. ಆದರೆ ತೋಟೆಯನ್ನು ತಯಾರಿಸುವ ಕಾರ್ಖಾನೆ ಅವರಲ್ಲಿರಲಿಲ್ಲ. ಆಯುಧ ಕೈಗೆ ಬಂದರೂ ಅದರ ಆಹಾರಕ್ಕೆ ಪರರನ್ನೇ ನಂಬಬೇಕಾಗಿತ್ತು.

ವಿದ್ಯಾರ್ಥಿಗಳು ಕೊನೆಗೊಂದು ಲೆಕ್ಕವನ್ನು ಮಾಡಿ ನೋಡಲಿ. 1862ರ ಶಾಸನದಂತೆ ವಲಸೆಗಾರನು ಐದು ವರ್ಷ ನೆಲೆನಿಂತು ಸಾಗುವಳಿ ಮಾಡಿದರೆ 160 ಎಕರೆ ಭೂಮಿ ಅವನದಾಗುತ್ತಿತ್ತು. ಒಟ್ಟು ಶುಲ್ಕ 18 ಡಾಲರ್. ಅಂದರೆ ಮೂರು ಹಳೆಯ ಕೋವಿಗಳ ಬೆಲೆ. ಕೋವಿಯೂ ಭೂಮಿಯೂ ಕೊಳ್ಳುವವನಿಗೆ ಅಗ್ಗವಾಗಿದ್ದುವು. ಕೋವಿಯ ನಿಜವಾದ ವೆಚ್ಚವನ್ನು ಯುದ್ಧಕಾಲದಲ್ಲಿ ತೆರಿಗೆ ಕೊಟ್ಟ ಪ್ರಜೆಗಳು ತೆತ್ತಿದ್ದರು. ಭೂಮಿಯ ನಿಜವಾದ ಬೆಲೆಯನ್ನು ಅಲ್ಲಿಂದ ಹೊರದೂಡಲ್ಪಟ್ಟವರು ತೆತ್ತರು. ಯಾವ ವಸ್ತುವಾದರೂ ಅತಿ ಅಗ್ಗವಾಗಿ ದೊರೆತಾಗ, ಉಳಿದ ಬೆಲೆಯನ್ನು ತೆತ್ತವರು ಯಾರೆಂದು ಕೇಳುವುದನ್ನು ನಾವು ಕಲಿಯಬೇಕು.