ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ

ನಮ್ಮದು ಲಕ್ಷ್ಮೇಶ್ವರ ಹತ್ತಿರದ ಹಳ್ಳಿ. ಮನೆ ಅಜ್ಜನ ಕಾಲದ್ದು, ಮಣ್ಣಿನ ಗೋಡೆ, ಮೇಲೆ ಮೇಲ್ಮುದ್ದೆ. ಮಗಳ ಮದುವೆಗೆ ಮನೆ ಹಳೇದಾಗಿ ಕಾಣಬಾರದೆಂದು ಮುಂದಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಎಣ್ಣೆಬಣ್ಣ ಬಳಿಸಿದೆ. ಎರಡು ಮಳೆಗಾಲಕ್ಕೆ ಗಿಲಾವು ಹಪ್ಪಳದಂಗ ಎದ್ದು ಬಿತ್ತು. ಒಳಗಿನ ಮಣ್ಣು ಇನ್ನೂ ಹಸಿ!

ಕಾರಣ ಇಷ್ಟೇ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಹೊರಗೆ ಚಂದ, ಒಳಗೆ ಗೋಡೆ ಸಡಿಲ. 2019ರ ಆಗಸ್ಟ್ ಮಳೆ-ನೆರೆಗೆ ನಮ್ಮ ಗದಗ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಬಿದ್ದದ್ದು ನೆನಪಿರಲಿ.

ಆಮೇಲೆ ನಾನು ಮಾಡಿದ್ದು ಇದು:

1. ಸಿಮೆಂಟ್ ಬಿಡಿಸಿ, ಬೇಸಿಗೆಯಲ್ಲಿ ಗೋಡೆ ಪೂರ್ತಿ ಆರಲು ಬಿಟ್ಟೆ.

2. ಕೆಂಪು ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ತುಳಿದು, ಒಂದು ವಾರ ನೆನೆಹಾಕಿ ಮೆತ್ತಿದೆ. ಎರಿ ಮಣ್ಣು ಬ್ಯಾಡ, ಒಣಗಿದರೆ ಬಿರಿಯುತ್ತದೆ. ಮೊದಲು ಗೇಣಗಲ ಮೆತ್ತಿ ನೋಡಿ. ಬಿರಿದರೆ ಮರಳು ಸೇರಿಸಿ.

3. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ 3 ಸಲ ಸುಣ್ಣ ಹೊಡೆದೆ.

4. ಮಾಳಿಗೆ ನೀರು ಗೋಡೆಗೆ ತಾಗದಂತೆ ಹರನಾಳಿಗೆ ಉದ್ದ ಮಾಡಿದೆ. ಗೋಡೆ ಬುಡಕ್ಕೆ ಹೊರಗಿಳಿಜಾರು ಕೊಟ್ಟೆ.

ಮುಂಡರಗಿ, ಶಿರಹಟ್ಟಿ ಕಡೆಯ ರೈತರಿಗೂ ಇದೇ ಮಾತು. ಗೋಡೆ ಹೊಟ್ಟೆ ಬಿಟ್ಟಿದ್ದರೆ ಮಾತ್ರ ಬಣ್ಣದ ಆಸೆ ಬಿಡಿ. ಮೊದಲು ಆಸರೆ ಕೊಟ್ಟು ಗಟ್ಟಿ ಮಾಡಿಸಿರಿ.