ಗೇಮಿಂಗ್ ಮೌಸ್: ತಂತಿ ಇರಲೋ, ಬೇಡವೋ?

ಗೇಮಿಂಗ್ ಮೌಸ್ ಆರಿಸುವಾಗ ಮೊದಲು ನೋಡಬೇಕಾದದ್ದು ಪೋಲಿಂಗ್ ರೇಟ್, ಅಂದರೆ ಮೌಸ್ ತನ್ನ ಚಲನೆಯನ್ನು ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಬಾರಿ ತಿಳಿಸುತ್ತದೆ ಎಂಬುದು. 1000 ಹರ್ಟ್ಸ್ ಇದ್ದರೆ 1 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಮುಟ್ಟುತ್ತದೆ. ತಂತಿಯ ಮೌಸ್‌ಗಳಿಗೆ ಇದು ಹಳೆಯ ಸಂಗತಿ, 2.4 ಗಿಗಾಹರ್ಟ್ಸ್ ಡಾಂಗಲ್ ಬಳಸುವ ಒಳ್ಳೆಯ ವೈರ್‌ಲೆಸ್ ಮೌಸ್‌ಗಳೂ ಈಗ ಅಷ್ಟೇ ಚುರುಕು. ಬ್ಲೂಟೂತ್ ಮಾತ್ರ ಬೇರೆ: ಸಾಮಾನ್ಯವಾಗಿ 125 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲುವ ಅದು ಕಚೇರಿ ಕೆಲಸಕ್ಕೆ ಸಾಕು, ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳಿಗೆ ಸಾಲದು.

ಡಾಂಗಲ್ ಎಲ್ಲಿದೆ ಎಂಬುದೂ ಮುಖ್ಯ. ಬಹಳ ಮಂದಿ ಕಡೆಗಣಿಸುವ ವಿಷಯ ಇದೇ. ಯುಎಸ್‌ಬಿ 3.0 ಪೋರ್ಟಿನಲ್ಲಿ ನಡೆಯುವ ಮಾಹಿತಿ ಸಾಗಣೆ 2.4 ಗಿಗಾಹರ್ಟ್ಸ್ ವಲಯದಲ್ಲೇ ಗದ್ದಲ ಎಬ್ಬಿಸುತ್ತದೆ. ಪಕ್ಕದ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಕೆಲಸ ಮಾಡುತ್ತಿದ್ದರೆ ಕರ್ಸರ್ ತಡವರಿಸಬಹುದು. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೌಸ್‌ಪ್ಯಾಡಿನ ಬಳಿ ತಂದಿಟ್ಟರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ವೈರ್‌ಲೆಸ್ ಎಂದರೆ ಭಾರ ಎಂಬ ವಾದವೂ ಹಳತಾಯಿತು. 2020ರಲ್ಲಿ ಬಂದ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ ಬ್ಯಾಟರಿ ಸೇರಿಯೂ 63 ಗ್ರಾಂ ದಾಟಲಿಲ್ಲ. ಆದರೆ ಪೋಲಿಂಗ್ ರೇಟನ್ನು 4000, 8000 ಹರ್ಟ್ಸ್‌ಗೆ ಏರಿಸಬಲ್ಲ ಮಾದರಿಗಳಲ್ಲಿ ಹಾಗೆ ಏರಿಸಿದರೆ ಚಾರ್ಜ್ ಬೇಗ ಬರಿದಾಗುತ್ತದೆ.

ಕೈ ಬಿಗಿ ಇದ್ದವರಿಗೆ ತಂತಿಯದೇ ಸರಿ. ಅಗ್ಗದ ವೈರ್‌ಲೆಸ್‌ಗೆ ಕೊಡುವ ಹಣದಲ್ಲೇ ಅದಕ್ಕಿಂತ ಉತ್ತಮ ಸೆನ್ಸರ್ ಇರುವ ತಂತಿ ಮೌಸ್ ಸಿಗುತ್ತದೆ. ಗಡಸು ರಬ್ಬರ್ ತಂತಿಗಿಂತ ನೂಲಿನ ಹೆಣಿಗೆಯ ಮೆತ್ತನೆಯ ತಂತಿ ಒಳ್ಳೆಯದು; ಅದನ್ನು ಮೇಲೆತ್ತಿ ಹಿಡಿಯುವ ಪುಟ್ಟ ಸ್ಟ್ಯಾಂಡ್ ಇದ್ದರೆ ಎಳೆತ ಇನ್ನೂ ಕಡಿಮೆ.