ಜೂಮ್ ಒತ್ತುವ ಮುನ್ನ: ಹಾಸನ ಸೀಮೆಯ ಫೋಟೊ ಪ್ರಿಯರಿಗೆ ಒಂಬತ್ತು ಸೂತ್ರಗಳು

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದವರಿಗೆ ಎದುರಿನ ದೊಡ್ಡಬೆಟ್ಟದ ನೆತ್ತಿಯಲ್ಲಿ ಗೊಮ್ಮಟನ ಮುಖ ಕಾಣುತ್ತದೆ. ಆತ ಉತ್ತರಾಭಿಮುಖಿ, ನೋಟ ನೇರ ನಮ್ಮತ್ತಲೇ. ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತೆಗೆದ ಚಿತ್ರ ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ದೊಡ್ಡದು ಮಾಡಿಸಲು ಚನ್ನರಾಯಪಟ್ಟಣದ ಸ್ಟುಡಿಯೊಗೆ ಕೊಟ್ಟರೆ ‘ಫೋಟೊ ಒಡೆದಿದೆ’ ಎನ್ನುತ್ತಾರೆ. ಯಾವ ಬಗೆಯ ಜೂಮ್ ಬಳಸುತ್ತಿದ್ದೇವೆಂದು ತಿಳಿದಿದ್ದರೆ ಈ ನಿರಾಸೆ ಬಹುಪಾಲು ತಪ್ಪುತ್ತದೆ.

1. ‘ಆಪ್ಟಿಕಲ್ ಎಷ್ಟು?’ ಎಂದೇ ಕೇಳಿ.
ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸಿನೊಳಗಿನ ಗಾಜುಗಳು ಸರಿದು ದೃಶ್ಯವನ್ನು ಹತ್ತಿರ ತರುತ್ತವೆ. ಸೆನ್ಸರ್ ಪೂರ್ತಿ ಕೆಲಸ ಮಾಡುತ್ತದೆ. ಡಿಜಿಟಲ್ ಜೂಮ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. 12 ಮೆಗಾಪಿಕ್ಸೆಲ್ ಚಿತ್ರವನ್ನು 2 ಪಟ್ಟು ಡಿಜಿಟಲ್ ಜೂಮ್ ಮಾಡಿದರೆ ಉಳಿಯುವುದು 3 ಮೆಗಾಪಿಕ್ಸೆಲ್, 4 ಪಟ್ಟು ಮಾಡಿದರೆ ಮುಕ್ಕಾಲು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಮುದ್ರಿಸುವಾಗ ಪೂರ್ಣ ಚಿತ್ರ 13 ಇಂಚು ಅಗಲ ಬರುತ್ತದೆ. ಮುಕ್ಕಾಲು ಮೆಗಾಪಿಕ್ಸೆಲ್ ಬರುವುದು ಮೂರು ಇಂಚು ಚಿಲ್ಲರೆ ಮಾತ್ರ.

2. ಪಟ್ಟು ನೋಡಬೇಡಿ, ಮಿಲಿಮೀಟರ್ ನೋಡಿ.
24ರಿಂದ 240 ಮಿ.ಮೀ. ಲೆನ್ಸ್ ‘10 ಎಕ್ಸ್’. 70ರಿಂದ 300ರದ್ದು ‘4 ಎಕ್ಸ್’ಗಿಂತ ತುಸು ಹೆಚ್ಚು. ಆದರೂ ದೂರದ ಹಕ್ಕಿಗೆ ಎರಡನೆಯದೇ ಹೆಚ್ಚು ನಿಲುಕುತ್ತದೆ. ‘ಎಕ್ಸ್’ ಎಂದರೆ ದೊಡ್ಡ ಅಂಕಿಯನ್ನು ಚಿಕ್ಕ ಅಂಕಿಯಿಂದ ಭಾಗಿಸಿದ ಫಲ.

3. ಸೆನ್ಸರ್ ಎಷ್ಟಗಲ ಎಂದು ವಿಚಾರಿಸಿ.
2018ರಲ್ಲಿ ಬಂದ ನಿಕಾನ್ ಪಿ1000 ಕ್ಯಾಮೆರಾಕ್ಕೆ 125 ಪಟ್ಟು ಆಪ್ಟಿಕಲ್ ಜೂಮ್ ಇದೆ, 3000 ಮಿ.ಮೀ.ಗೆ ಸಮಾನ ನಿಲುಕು. ಗೊರೂರು ಹಿನ್ನೀರಿನ ಹಕ್ಕಿಗಳಿಗೆ ಬೆಳಗಿನ ಬಿಸಿಲಲ್ಲಿ ಅದು ನಿಜಕ್ಕೂ ಒದಗುತ್ತದೆ. ಆದರೆ ಅದರ ಸೆನ್ಸರ್ ಅಗಲ ಸುಮಾರು 6 ಮಿ.ಮೀ., ಫುಲ್ ಫ್ರೇಮ್ ಸೆನ್ಸರಿನದು 36. ವಿಸ್ತೀರ್ಣದಲ್ಲಿ ಸುಮಾರು ಮೂವತ್ತು ಪಟ್ಟು ಅಂತರ. ಜೂಮ್ ತುದಿ ಮುಟ್ಟಿದಾಗ ಲೆನ್ಸಿನ ಬಾಯಿಯೂ ಎಫ್/8ಕ್ಕೆ ಕಿರಿದಾಗುತ್ತದೆ. ಸಂಜೆ ಆರರ ಹೊತ್ತಿಗೆ ಚಿತ್ರದ ತುಂಬ ಮರಳು ಸುರಿದಂತೆ ಕಾಣುವುದು ಇದರಿಂದಲೇ.

4. ಮೊಬೈಲಿನ 2 ಪಟ್ಟನ್ನು ನಂಬಿ, 30 ಪಟ್ಟನ್ನು ನಂಬಬೇಡಿ.
48 ಮೆಗಾಪಿಕ್ಸೆಲ್ ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿದರೂ 12 ಮೆಗಾಪಿಕ್ಸೆಲ್ ಸಿಗುತ್ತದೆ. ಹಾಗಾಗಿ ಇಂಥ ಫೋನಿನಲ್ಲಿ 2 ಪಟ್ಟಿನವರೆಗೆ ನಷ್ಟ ಕಡಿಮೆ. ಅದರಾಚೆ ‘ಹೈಬ್ರಿಡ್’ ಹೆಸರಿನಲ್ಲಿ ತಂತ್ರಾಂಶ ಹಲವು ಚಿತ್ರಗಳನ್ನು ಬೆರೆಸುತ್ತದೆ. ಕೆಲವು ಫೋನುಗಳಲ್ಲಿ ಇಲ್ಲದ ವಿವರವನ್ನೂ ಊಹಿಸಿ ತುಂಬುತ್ತದೆ.

ನುಗ್ಗೇಹಳ್ಳಿಗೆ ಹೋಗುವವರು ಇದನ್ನು ಮರೆಯಲೇಬಾರದು. ಅಲ್ಲಿನ 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಕೆಲಸ ಮಾಡಿದ್ದಾರೆ. ವಿಗ್ರಹಗಳ ಕೆಳಗೆ ಅವರ ಹೆಸರಿನ ಅಕ್ಷರಗಳೂ ಇವೆ. ಸವೆದ ಹಳಗನ್ನಡ ಲಿಪಿಯನ್ನು ತಂತ್ರಾಂಶ ‘ಚೊಕ್ಕ’ ಮಾಡಲು ಹೊರಟರೆ ಇಲ್ಲದ ಗೀಟು ಮೂಡಬಹುದು, ಇದ್ದದ್ದು ಅಳಿಸಬಹುದು. ಶಾಸನ, ಶಿಲ್ಪಗಳನ್ನು ದಾಖಲಿಸುವವರಿಗೆ ಇಂಥ ಚಿತ್ರ ಸಾಕ್ಷಿಯಾಗದು. ಜೂಮ್ ಬಿಟ್ಟು ಹತ್ತಿರ ಹೋಗಿ, ಬೆಳಕು ಓರೆಯಾಗಿ ಬೀಳುವ ಹೊತ್ತು ನೋಡಿ ತೆಗೆಯಿರಿ.

5. ಯಾವ ಲೆನ್ಸ್ ಕೆಲಸ ಮಾಡುತ್ತಿದೆ ಎಂದು ಬೆರಳಿಟ್ಟು ನೋಡಿ.
ಹಳೇಬೀಡಿನ ನವರಂಗದಂಥ ಮಬ್ಬು ಬೆಳಕಿನಲ್ಲಿ ‘3 ಎಕ್ಸ್’ ಒತ್ತಿದರೂ ಅನೇಕ ಫೋನುಗಳು ಟೆಲಿ ಲೆನ್ಸ್ ಬಿಟ್ಟು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ. ಟೆಲಿ ಲೆನ್ಸಿಗೆ ಬೆರಳು ಅಡ್ಡ ಹಿಡಿಯಿರಿ. ಪರದೆ ಕಪ್ಪಾಗದಿದ್ದರೆ ನಡೆಯುತ್ತಿರುವುದು ಡಿಜಿಟಲ್ ಜೂಮ್.

6. ಜೂಮ್ ಹೆಚ್ಚಿದಷ್ಟೂ ಶಟರ್ ವೇಗ ಹೆಚ್ಚಲಿ.
300 ಮಿ.ಮೀ.ಗೆ ಸೆಕೆಂಡಿನ 1/300ಕ್ಕಿಂತ ನಿಧಾನ ಬೇಡ. ಕೈನಡುಕ ತಡೆಯುವ ಸ್ಟೆಬಿಲೈಸೇಷನ್ ನಮ್ಮ ಕೈಯನ್ನು ಮಾತ್ರ ಸಂಭಾಳಿಸುತ್ತದೆ. ಹೊಳೆನರಸೀಪುರದ ರಥೋತ್ಸವದಲ್ಲಿ ಹಗ್ಗ ಎಳೆಯುವ ಜನರನ್ನು ಅದು ನಿಲ್ಲಿಸಲಾರದು. ಅಲ್ಲಿ 1/500 ಇಡಿ, ಐಎಸ್‌ಒ ಏರಿದರೆ ಏರಲಿ. ತುಸು ಕಾಳು ಕಾಳಾದ ಚಿತ್ರ ಸಹ್ಯ, ಅಲುಗಿದ ಮುಖ ಅಲ್ಲ.

7. ಗಾಳಿಯನ್ನೂ ಲೆನ್ಸ್ ಎಂದೇ ಎಣಿಸಿ.
ಏಪ್ರಿಲ್ ಮಧ್ಯಾಹ್ನ ಬಂಡೆ ಕಾದು ಎದ್ದ ಬಿಸಿಗಾಳಿಯ ನಡುಗುವಿಕೆಯನ್ನು ಎಷ್ಟು ದುಬಾರಿ ಲೆನ್ಸೂ ದಾಟದು. ಗೊಮ್ಮಟನ ಮುಖಕ್ಕೆ ಮಳೆ ನಿಂತ ಮರುದಿನದ ಮುಂಜಾನೆ ಹೋಗಿ.

8. ಕಾಲು ಬಳಸಿ.
ಕ್ಯಾಪ್ಟನ್ ಓಕ್ಲಿ ಹಳೇಬೀಡಿನ ದೇವಾಲಯವನ್ನು ಚಿತ್ರಿಸಿ 56 ಫೋಟೊಗಳ ಸಂಪುಟವನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದು 1859ರಲ್ಲಿ. ಆಗ ಜೂಮ್ ಎಲ್ಲಿತ್ತು? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳು ಸೋಪಾನದ ಬಳಿಗೇ ಬರುತ್ತವೆ. ಅಲ್ಲಿ ಬೇಕಾದ್ದು ನೀರಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್. ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಸುತ್ತುವರಿಯುತ್ತದೆ. ಆಗ ದಡದಿಂದ ಆಪ್ಟಿಕಲ್ ಜೂಮ್ ಬಳಸಿ. ನೀರು ಇಳಿದಾಗ ನಡೆದೇ ಹೋಗಿ, ಆದರೆ ಶಿಥಿಲ ಗೋಡೆಗಳಿಂದ ದೂರವಿರಿ.

9. ಕಳಿಸುವಾಗ ಕೆಡಿಸಬೇಡಿ.
ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಹೋಗುತ್ತದೆ. ಸ್ಟುಡಿಯೊಗೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಮೆಮೊರಿ ಕಾರ್ಡನ್ನೇ ಕೊಡಿ.

ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ‘ಡಿಜಿಟಲ್ ಜೂಮ್’ ಎಂಬ ಸಾಲು ಇದ್ದರೆ ಇವತ್ತೇ ಅದನ್ನು ‘ಆಫ್’ ಮಾಡಿಡಿ. ಕತ್ತರಿಸಿ ದೊಡ್ಡದು ಮಾಡುವ ಕೆಲಸ ಆಮೇಲೆ ಮನೆಯ ಕಂಪ್ಯೂಟರಿನಲ್ಲೂ ಆಗುತ್ತದೆ, ಆಗ ಮೂಲ ಚಿತ್ರವೂ ಪೂರ್ತಿಯಾಗಿ ನಿಮ್ಮಲ್ಲೇ ಉಳಿಯುತ್ತದೆ.